ಸೈನಿಕ ಉಳಿಯೋದು ಸಂಬಳಕ್ಕಾ? ಮರುಸೇರ್ಪಡೆಯ ಸಂಶೋಧನೆಗಳನ್ನು ಓದುವ ಕ್ರಮ

ಅರ್ಥಶಾಸ್ತ್ರ ಎಂ.ಎ. ಓದುವ ವಿದ್ಯಾರ್ಥಿನಿಯೊಬ್ಬಳು ಒಂದು ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. ಅಮೆರಿಕದ ಸೇನೆಯಲ್ಲಿ ಯಾವ ಕೆಲಸದವರಿಗೆ ಎಷ್ಟು ಬೋನಸ್, ಮೊದಲ ಒಪ್ಪಂದ ಮುಗಿದ ಮೇಲೆ ಅವರಲ್ಲಿ ಎಷ್ಟು ಜನ ಉಳಿದರು ಅನ್ನುವ ಪಟ್ಟಿ ಅದು. "ಸರ್, ಬೋನಸ್ ಜಾಸ್ತಿ ಇರೋ ಕಡೆನೇ ಜಾಸ್ತಿ ಜನ ಬಿಟ್ಟು ಹೋಗಿದ್ದಾರೆ. ದುಡ್ಡು ಕೊಟ್ರೆ ಜನ ಹೋಗ್ತಾರಾ?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಈ ಲೇಖನದ ಐದನೇ ಹೆಜ್ಜೆಯಲ್ಲಿ ಇದೆ. ಆದರೆ ಅಲ್ಲಿಗೆ ನೇರ ಹಾರಬೇಡಿ. ಸಂಬಳ ಮತ್ತು ಮರುಸೇರ್ಪಡೆಯ (ಒಪ್ಪಂದ ಮುಗಿದ ಮೇಲೆ ಮತ್ತೆ ಸಹಿ ಹಾಕಿ ಉಳಿಯುವುದರ) ಅಧ್ಯಯನಗಳು ಅಮೆರಿಕದಲ್ಲಿ ಐವತ್ತು ವರ್ಷಗಳಿಂದ ನಡೆಯುತ್ತಿವೆ. ರ್‍ಯಾಂಡ್, ಸೆಂಟರ್ ಫಾರ್ ನೇವಲ್ ಅನಾಲಿಸೀಸ್ ತರಹದ ಸಂಸ್ಥೆಗಳು ಕಪಾಟು ತುಂಬುವಷ್ಟು ವರದಿ ಬರೆದಿವೆ. ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡರೆ ಯಾವ ಪುಟದಲ್ಲಿ ಏನು ಕೇಳಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಕಡಿಮೆ ಕೂಲಿಯ ದುಡಿಮೆಯ ಬಗ್ಗೆ ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ ಇದು ಉಪಯೋಗಕ್ಕೆ ಬರಬಹುದು. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ.

ಹೆಜ್ಜೆ 1: ಮೊದಲು ಇಸವಿ ನೋಡಿ

ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲಿ ನಿಂತಿತು. ಅದಕ್ಕಿಂತ ಹಿಂದಿನ ಅಂಕಿಗಳನ್ನು ಈಗಿನವುಗಳ ಜೊತೆ ಸೇರಿಸಿ ಓದಬೇಡಿ. ಬಲವಂತಕ್ಕೆ ಬಂದವನು ಅವಧಿ ಮುಗಿದ ದಿನ ಮನೆಗೆ ಹೊರಟರೆ ಅದರಿಂದ ಸಂಬಳದ ಬಗ್ಗೆ ಏನೂ ತಿಳಿಯುವುದಿಲ್ಲ.

ಈ ಬದಲಾವಣೆಗೆ ದಾರಿ ಮಾಡಿದ್ದು 1970ರಲ್ಲಿ ವರದಿ ಕೊಟ್ಟ ಗೇಟ್ಸ್ ಆಯೋಗ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅದರ ಸದಸ್ಯರಾಗಿದ್ದರು. ಅದರ ಸಂಶೋಧನಾ ತಂಡದಲ್ಲಿದ್ದ ವಾಲ್ಟರ್ ಓಯ್ ಅವರ ವಾದ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕಡ್ಡಾಯವಾಗಿ ಕರೆದು ಕಡಿಮೆ ಸಂಬಳ ಕೊಟ್ಟರೆ ಸರ್ಕಾರಕ್ಕೆ ಉಳಿತಾಯ ಆದಂತೆ ಕಾಣುತ್ತದೆ. ನಿಜದಲ್ಲಿ ಆ ಖರ್ಚು ಎಲ್ಲೂ ಹೋಗಿಲ್ಲ, ಆ ಹುಡುಗರ ತಲೆ ಮೇಲೆ ತೆರಿಗೆಯಾಗಿ ಬಿದ್ದಿದೆ. ಸೈನಿಕನ ಸಂಬಳವನ್ನು ಮಾಮೂಲಿ ಕಾರ್ಮಿಕನ ಕೂಲಿಯ ಹಾಗೇ ಲೆಕ್ಕ ಹಾಕುವ ರೂಢಿ ಬೆಳೆದಿದ್ದು ಈ ಚರ್ಚೆಯಿಂದ.

ಇಸವಿ ನೋಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 1970ರ ದಶಕದ ಕೊನೆಯಲ್ಲಿ ಸೇನೆಯ ಸಂಬಳ ಹೊರಗಿನ ಸಂಬಳಕ್ಕಿಂತ ಹಿಂದೆ ಬಿತ್ತು. ಅನುಭವಿಗಳು ಬಿಟ್ಟು ಹೋದರು. ಆಮೇಲೆ 1980ರ ಅಕ್ಟೋಬರಿನಲ್ಲಿ ಶೇ. 11.7, ಮರುವರ್ಷ ಶೇ. 14.3 ಏರಿಸಿದರು. ಜನ ಉಳಿಯತೊಡಗಿದರು. "ನೋಡಿ, ಸಂಬಳ ಏರಿಸಿದ್ರು, ಉಳ್ಕೊಂಡ್ರು" ಅಂತ ಹೇಳಿ ಮುಗಿಸಬಹುದು ಅಲ್ವಾ? ಆದರೆ 1982ರ ಕೊನೆಗೆ ದೇಶದ ನಿರುದ್ಯೋಗ ಶೇ. 10.8ಕ್ಕೆ ಏರಿತ್ತು. ಹೊರಗೆ ಕೆಲಸವೇ ಇರಲಿಲ್ಲ. ಒಳಗಿನ ಸಂಬಳ ಏರಿದ್ದು ಎಷ್ಟು ಹಿಡಿದಿಟ್ಟಿತು, ಹೊರಗೆ ಕೆಲಸ ಇಲ್ಲದ್ದು ಎಷ್ಟು ಹಿಡಿದಿಟ್ಟಿತು ಅಂತ ಬೇರೆ ಬೇರೆ ತೋರಿಸದ ಅಧ್ಯಯನವನ್ನು ಅರ್ಧ ಮಾತ್ರ ನಂಬಿ.

ಹೆಜ್ಜೆ 2: ಯಾರನ್ನು ಎಣಿಸಿದ್ದಾರೆ ಅಂತ ಕೇಳಿ

ಬಡವರೇ ಸೇನೆಗೆ ಹೋಗುತ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅಮೆರಿಕದ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ನಡುವಿನ ಆದಾಯದ ಪ್ರದೇಶಗಳಿಂದ ಬರುತ್ತಾರೆ. ತೀರಾ ಬಡ ಪ್ರದೇಶ, ತೀರಾ ಶ್ರೀಮಂತ ಪ್ರದೇಶ ಎರಡರಿಂದಲೂ ಬರುವವರು ಕಡಿಮೆ. ಕಾರಣ ಸರಳ. ಹೊಸದಾಗಿ ಸೇರುವವರಲ್ಲಿ ಶೇ. 90 ಮಂದಿಗೆ ಹೈಸ್ಕೂಲ್ ಡಿಪ್ಲೊಮಾ ಇರಬೇಕು ಅನ್ನುವುದು ರಕ್ಷಣಾ ಇಲಾಖೆಯ ಗುರಿ. ಮೇಲೆ ಲಿಖಿತ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ಪೊಲೀಸ್ ದಾಖಲೆಯ ತಪಾಸಣೆ. ಅತಿ ಕಡಿಮೆ ಕೂಲಿಗೆ ದುಡಿಯುವ ಎಷ್ಟೋ ಯುವಕರಿಗೆ ಆ ಬಾಗಿಲು ತೆರೆಯುವುದೇ ಇಲ್ಲ.

ಇದು ಒಂದನೇ ಜರಡಿ. ಎರಡನೆಯದು ಮೊದಲ ಅವಧಿಯ ಒಳಗೇ ಇದೆ. ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಅವಧಿ ಮುಗಿಸುವ ಮೊದಲೇ ಹೊರಬೀಳುತ್ತಾರೆ. ಮೂರನೆಯದು, ಕೊನೆವರೆಗೆ ಬಂದವರಲ್ಲೂ ಕೆಲವರನ್ನು ಸೇನೆಯೇ ಬೇಡ ಅನ್ನುತ್ತದೆ. ಹೀಗೆ ಮೂರು ಜರಡಿ ದಾಟಿ ಉಳಿದವರ ಮುಂದೆ ಮಾತ್ರ "ಇರ್ತೀಯಾ, ಹೋಗ್ತೀಯಾ?" ಅನ್ನುವ ಪ್ರಶ್ನೆ ಬರುತ್ತದೆ. ಅವರ ಉತ್ತರವನ್ನು ತಂದು "ಕಡಿಮೆ ಕೂಲಿಯವರು ಸಂಬಳಕ್ಕೆ ಹೀಗೆ ಸ್ಪಂದಿಸುತ್ತಾರೆ" ಅಂತ ಇಡೀ ವರ್ಗಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ವರದಿಯಲ್ಲಿ ಮಾದರಿಯ ಬಗ್ಗೆ ಇರುವ ಪುಟವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ದಯವಿಟ್ಟು ಓದಿ.

ಹೆಜ್ಜೆ 3: 'ಸಂಬಳ' ಅಂದರೆ ಯಾವ ಸಂಬಳ?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆಯಲ್ಲಿ ಅತಿ ಕೆಳಗಿನ ದರ್ಜೆಯವನ ಮೂಲವೇತನ ತಿಂಗಳಿಗೆ 2,319 ಡಾಲರ್ ಆಗಿತ್ತು. ಆ ವರ್ಷ ಕೆಳದರ್ಜೆಯವರಿಗೆ ಎರಡು ಕಂತಿನಲ್ಲಿ ಒಟ್ಟು ಶೇ. 14.5ರಷ್ಟು ಏರಿಸಿದ್ದರು. ಕೆಳದರ್ಜೆಯ ಸೈನಿಕರ ಮನೆಗಳಲ್ಲೇ ಊಟಕ್ಕೆ ತಾಪತ್ರಯ ಇದೆ, ಸರ್ಕಾರದ ಆಹಾರ ಸಹಾಯಕ್ಕೆ ಕೈಚಾಚುವ ಕುಟುಂಬಗಳಿವೆ ಅನ್ನುವ ಚರ್ಚೆ ಕೆಲವು ವರ್ಷಗಳಿಂದ ಜೋರಾಗಿತ್ತು.

ಬರೀ ಮೂಲವೇತನ ನೋಡಿದರೆ ಇದು ಕಡಿಮೆ ಕೂಲಿಯ ಕೆಲಸವೇ. ಆದರೆ ಅದರ ಮೇಲೆ ಮನೆ ಭತ್ಯೆ, ಊಟದ ಭತ್ಯೆ ಇದೆ. ಎರಡಕ್ಕೂ ತೆರಿಗೆ ಇಲ್ಲ. ಮೂಲವೇತನ, ಈ ಎರಡು ಭತ್ಯೆ, ತೆರಿಗೆ ಇಲ್ಲದ್ದರಿಂದ ಆಗುವ ಲಾಭ, ಇಷ್ಟನ್ನೂ ಕೂಡಿಸಿದ್ದಕ್ಕೆ 'ರೆಗ್ಯುಲರ್ ಮಿಲಿಟರಿ ಕಾಂಪನ್ಸೇಷನ್' ಅನ್ನುತ್ತಾರೆ. 2000ದ ದಶಕದ ಆರಂಭದಲ್ಲಿ ನಡೆದ ಸಂಬಳ ಪರಿಶೀಲನೆ ಒಂದು ಅಳತೆಗೋಲು ಕೊಟ್ಟಿತು. ಅಷ್ಟೇ ಓದು, ಅಷ್ಟೇ ಅನುಭವ ಇರುವ ಹೊರಗಿನ 100 ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸೈನಿಕನ ಈ ಒಟ್ಟು ಸಂಬಳ ಕೆಳಗಿನಿಂದ 70ನೇ ಜಾಗದಲ್ಲಿ ಇರಬೇಕು.

ಅಧ್ಯಯನ ಯಾವ ಸಂಬಳ ಹಿಡಿದಿದೆ ಅಂತ ಗುರುತು ಹಾಕಿಕೊಳ್ಳಿ. ಮದುವೆಯಾಗದೆ ಬ್ಯಾರಕ್‌ನಲ್ಲಿರುವ ಹುಡುಗನಿಗೆ ಮನೆ ಭತ್ಯೆ ಕೈಗೆ ಬರುವುದಿಲ್ಲ, ಒಂದು ಕೋಣೆ ಸಿಗುತ್ತದೆ. ಲೆಕ್ಕದಲ್ಲಿ ಅದಕ್ಕೂ ಬೆಲೆ ಕಟ್ಟಿರುತ್ತಾರೆ. ಆ ಹುಡುಗ ಅದನ್ನು ಸಂಬಳ ಅಂತ ಅಂದುಕೊಂಡಿರುವುದಿಲ್ಲ. ಇನ್ನೊಂದು ವಿಷಯ: ಹೊರಗಿನ ಕೂಲಿಗೆ ಗಂಟೆಯ ಲೆಕ್ಕ ಇದೆ, ಸೇನೆಯಲ್ಲಿ ಇಲ್ಲ. ಎರಡನ್ನೂ ವಾರಕ್ಕೆ 40 ಗಂಟೆ ಅಂತ ಹೋಲಿಸಿದ್ದರೆ ಸೈನಿಕನ ಕಡೆಗೆ ಅನ್ಯಾಯ ಆಗಿರುತ್ತದೆ.

ಹೆಜ್ಜೆ 4: ಹಾಳೆ ತಗೊಂಡು ಮೂರು ಜನರ ಲೆಕ್ಕ ಹಾಕಿ

ಇದು ಇಡೀ ವಿಷಯದ ಜೀವಾಳ. ಹತ್ತು ನಿಮಿಷ ಜಾಸ್ತಿ ಕೊಡಿ.

ನೌಕಾಪಡೆಯ ಸಿಬ್ಬಂದಿಯ ಮೇಲೆ ಕೆಲಸ ಮಾಡಿದ ಜಾನ್ ವಾರ್ನರ್ 1970ರ ದಶಕದ ಕೊನೆಯಲ್ಲಿ ಒಂದು ವಿಧಾನವನ್ನು ಬೆಳೆಸಿದರು. ಕನ್ನಡದಲ್ಲಿ ಅದನ್ನು 'ಬಿಟ್ಟು ಹೋದರೆ ವರ್ಷಕ್ಕಾಗುವ ನಷ್ಟ' ಅನ್ನೋಣ. ಉಳಿದರೆ ಬರುವುದೆಷ್ಟು, ಹೋದರೆ ಬರುವುದೆಷ್ಟು, ವ್ಯತ್ಯಾಸವನ್ನು ವರ್ಷಕ್ಕೆ ಹಂಚಿದರೆ ಎಷ್ಟು? ಅಷ್ಟೇ.

ಒಂದೇ ದರ್ಜೆ, ಒಂದೇ ಸೇವಾವಧಿಯ ಮೂವರನ್ನು ಊಹಿಸಿಕೊಳ್ಳಿ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಹಾಕಿದ್ದು. ಮೂಲವೇತನ ತಿಂಗಳಿಗೆ 3,000 ಡಾಲರ್, ಮನೆ ಭತ್ಯೆ 1,500, ಊಟಕ್ಕೆ 450. ಒಟ್ಟು 4,950. ವರ್ಷಕ್ಕೆ 59,400.

ಈಗ ಬೋನಸ್. ಬೇಕಾದ ಕೆಲಸಗಳಿಗೆ ಮಾತ್ರ ಕೊಡುವ ಈಗಿನ ಮರುಸೇರ್ಪಡೆ ಬೋನಸ್ 1974ರಲ್ಲಿ ಶುರುವಾಯಿತು. ಅದರ ಹಳೆಯ ಸೂತ್ರ ಹೀಗೆ: ತಿಂಗಳ ಮೂಲವೇತನವನ್ನು ಎಷ್ಟು ವರ್ಷಕ್ಕೆ ಸಹಿ ಹಾಕುತ್ತಾನೋ ಅದರಿಂದ ಗುಣಿಸಿ, ಆಮೇಲೆ ಆ ಕೆಲಸಕ್ಕೆ ನಿಗದಿಯಾದ ಗುಣಕದಿಂದ ಗುಣಿಸಿ. ನಮ್ಮ ಮೂವರಿಗೂ 4 ವರ್ಷ, ಗುಣಕ 1.5 ಅಂತ ಇಟ್ಟುಕೊಳ್ಳಿ. 3,000 × 4 × 1.5 = 18,000 ಡಾಲರ್. ವರ್ಷಕ್ಕೆ ಹಂಚಿದರೆ 4,500. ಬೋನಸ್ ಸೇರಿ ವರ್ಷಕ್ಕೆ 63,900.

ಹೊರಗಿನ ದಾರಿ ಮೂವರಿಗೂ ಬೇರೆ ಬೇರೆ. ವರ್ಷಕ್ಕೆ 2,080 ಗಂಟೆ ಕೆಲಸ ಅಂದುಕೊಳ್ಳಿ.

ಮೊದಲನೆಯವನು ಉಗ್ರಾಣದಲ್ಲಿದ್ದ. ಹೊರಗೆ ಹೋದರೆ ಗೋದಾಮಿನಲ್ಲಿ ಗಂಟೆಗೆ 18 ಡಾಲರ್. ವರ್ಷಕ್ಕೆ 37,440.

ಎರಡನೆಯವನು ಟ್ರಕ್ ಮೆಕ್ಯಾನಿಕ್. ಹೊರಗೆ ಗಂಟೆಗೆ 30. ವರ್ಷಕ್ಕೆ 62,400.

ಮೂರನೆಯವಳು ನೆಟ್‌ವರ್ಕ್ ಟೆಕ್ನೀಷಿಯನ್. ಹೊರಗೆ ಗಂಟೆಗೆ 38. ವರ್ಷಕ್ಕೆ 79,040.

ಈಗ ನೋಡಿ. ಮೊದಲನೆಯವನಿಗೆ ಬೋನಸ್ ಇಲ್ಲದೆಯೂ ಒಳಗೆ 21,960 ಡಾಲರ್ ಜಾಸ್ತಿ. ಬೋನಸ್ ಬಂದರೆ ಖುಷಿ, ಬರದಿದ್ದರೂ ಉಳಿಯುತ್ತಾನೆ. ಮೂರನೆಯವಳಿಗೆ ಬೋನಸ್ ಸೇರಿಸಿದರೂ ಹೊರಗೆ 15,140 ಜಾಸ್ತಿ. ಅವಳು ಹೋಗುತ್ತಾಳೆ. ಬೋನಸ್‌ನಿಂದ ಮನಸ್ಸು ಬದಲಾಗುವುದು ಎರಡನೆಯವನದು ಮಾತ್ರ. ಬೋನಸ್ ಇಲ್ಲದಿದ್ದರೆ ಅವನಿಗೆ ಹೊರಗೆ 3,000 ಲಾಭ, ಇದ್ದರೆ ಒಳಗೆ 1,500 ಲಾಭ.

ಸರಾಸರಿ ತೋರಿಸುವ ಅಧ್ಯಯನಗಳಲ್ಲಿ ಈ ಮೂವರೂ ಕಲಸಿಹೋಗುತ್ತಾರೆ. "ಕಡಿಮೆ ಕೂಲಿಯವರು ಬೋನಸ್‌ಗೆ ಸ್ಪಂದಿಸುವುದಿಲ್ಲ" ಅಂತ ಒಂದು ಸಾಲು ಬರೆದಿದ್ದರೆ ಅದು ಅವರಿಗೆ ದುಡ್ಡು ಬೇಡ ಅಂತಲ್ಲ. ಹೊರಗೆ ಅವರಿಗೆ ದಾರಿಯೇ ಇಲ್ಲ ಅಂತ. ಈ ಎರಡರ ನಡುವೆ ಅಜಗಜಾಂತರ ಇದೆ. ನಾನು ಈ ವಿಷಯವನ್ನು ಪಾಠ ಮಾಡುವಾಗಲೆಲ್ಲ ಇಷ್ಟನ್ನು ಮಾತ್ರ ಪಟ್ಟು ಹಿಡಿದು ಹೇಳುತ್ತೇನೆ: ಒಳಗಿನ ಸಂಬಳವನ್ನು ಒಂಟಿಯಾಗಿ ಓದಬೇಡಿ, ಹೊರಗಿನ ದಾರಿಯನ್ನು ಪಕ್ಕದಲ್ಲಿ ಬರೆದುಕೊಂಡು ಓದಿ.

ಲೆಕ್ಕಕ್ಕೆ ಇನ್ನೂ ಮೂರು ಸಾಲು ಸೇರಿಸಿ. ಆರೋಗ್ಯ ವಿಮೆ: ಸೇನೆಯಲ್ಲಿ ಕುಟುಂಬಕ್ಕೆ ಬಹುಪಾಲು ಉಚಿತ, ಗೋದಾಮಿನ ಕೆಲಸದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಅಪಾಯ ಮತ್ತು ಮನೆ ಬಿಟ್ಟಿರುವುದು: ಇದಕ್ಕೆ ಒಬ್ಬೊಬ್ಬರು ಒಂದೊಂದು ಬೆಲೆ ಕಟ್ಟುತ್ತಾರೆ. ಕೊನೆಯದು ಪಿಂಚಣಿ. ಹಳೆಯ ಪದ್ಧತಿಯಲ್ಲಿ 20 ವರ್ಷ ಮುಗಿಸಿದವರಿಗೆ ಮೂಲವೇತನದ ಅರ್ಧ, 19 ವರ್ಷಕ್ಕೆ ಬಿಟ್ಟವರಿಗೆ ಸೊನ್ನೆ. ಹತ್ತರಲ್ಲಿ ಸುಮಾರು ಎಂಟು ಮಂದಿ ಏನೂ ಇಲ್ಲದೆ ಹೋಗುತ್ತಿದ್ದರು. 2018ರಿಂದ ಬಂದ ಹೊಸ ಪದ್ಧತಿಯಲ್ಲಿ ಪಿಂಚಣಿಯ ಪಾಲು ವರ್ಷಕ್ಕೆ ಶೇ. 2.5ರಿಂದ 2ಕ್ಕೆ ಇಳಿದಿದೆ. ಬದಲಿಗೆ ಸೈನಿಕನ ಉಳಿತಾಯ ಖಾತೆಗೆ ಸರ್ಕಾರವೂ ಮೂಲವೇತನದ ಶೇ. 5ರವರೆಗೆ ಹಾಕುತ್ತದೆ. ಎರಡನೇ ವರ್ಷ ಮುಗಿದ ಮೇಲೆ ಆ ದುಡ್ಡು ಅವನದೇ, ಬಿಟ್ಟು ಹೋದರೂ ಜೊತೆಗೆ ಹೋಗುತ್ತದೆ. ಅಧ್ಯಯನ 2018ಕ್ಕಿಂತ ಹಿಂದಿನದೋ ಮುಂದಿನದೋ ಅನ್ನುವುದು ಇಲ್ಲಿ ಮತ್ತೆ ಮುಖ್ಯವಾಗುತ್ತದೆ.

ಹೆಜ್ಜೆ 5: ಬೋನಸ್ ಅಲ್ಲಿಗೆ ಯಾಕೆ ಬಂತು ಅಂತ ಕೇಳಿ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ಬೋನಸ್ ಜಾಸ್ತಿ ಇರುವ ಕಡೆ ಜನ ಕಡಿಮೆ ಉಳಿದಿದ್ದು ಹೇಗೆ?

ಸೇನೆ ಬೋನಸ್ ಇಡುವುದೇ ಜನ ಸೋರಿ ಹೋಗುವ ಕೆಲಸಗಳಿಗೆ. ಆಸ್ಪತ್ರೆಗೆ ಹೋದವರಲ್ಲಿ ಕಾಯಿಲೆ ಜಾಸ್ತಿ ಇರುತ್ತದೆ, ಹಾಗಂತ ಆಸ್ಪತ್ರೆಯಿಂದ ಕಾಯಿಲೆ ಬಂತು ಅನ್ನುವುದಿಲ್ಲ. ನಮ್ಮ ನೆಟ್‌ವರ್ಕ್ ಟೆಕ್ನೀಷಿಯನ್ ತರಹದವರಿಗೆ ದೊಡ್ಡ ಬೋನಸ್, ಉಗ್ರಾಣದವನಿಗೆ ಸೊನ್ನೆ. ಪಟ್ಟಿಯಲ್ಲಿ ಬೋನಸ್ ದೊಡ್ಡದಿರುವ ಸಾಲಿನಲ್ಲೇ ಉಳಿಯುವ ಪ್ರಮಾಣ ಕಡಿಮೆ ಕಾಣುತ್ತದೆ. ಬೋನಸ್ ಇಲ್ಲದಿದ್ದರೆ ಅಲ್ಲಿ ಇನ್ನೂ ಕಡಿಮೆ ಆಗುತ್ತಿತ್ತು ಅನ್ನುವುದು ಪಟ್ಟಿಯಲ್ಲಿ ಕಾಣುವುದಿಲ್ಲ.

ಹಾಗಾದರೆ ಒಳ್ಳೆಯ ಅಧ್ಯಯನ ಏನು ಮಾಡಬೇಕು? ಒಂದೇ ಕೆಲಸವನ್ನು ಬೋನಸ್ ಬದಲಾಗುವ ಮೊದಲು ಮತ್ತು ಆಮೇಲೆ ನೋಡಬೇಕು. ಬೋನಸ್ ಬದಲಾಗದ ಇನ್ನೊಂದು ಕೆಲಸವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಆಗಲೂ ಎರಡು ಬಲೆಗಳಿವೆ.

ಒಂದು, ಸೈನಿಕರು ಕಾಯುತ್ತಾರೆ. ಮುಂದಿನ ತಿಂಗಳು ಬೋನಸ್ ಏರುತ್ತದೆ ಅಂತ ಸುದ್ದಿ ಬಂದರೆ ಈ ತಿಂಗಳು ಯಾರೂ ಸಹಿ ಹಾಕುವುದಿಲ್ಲ. ಯುದ್ಧಭೂಮಿಯಲ್ಲಿ ಇದ್ದಾಗ ಸಹಿ ಹಾಕಿದ ಕೆಳದರ್ಜೆಯವರಿಗೆ ಬೋನಸ್ ಮೇಲೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅದಕ್ಕೇ ಇರಾಕ್, ಆಫ್ಘಾನಿಸ್ತಾನದಲ್ಲಿ ಇದ್ದಾಗಲೇ ಸಹಿ ಹಾಕಿದವರು ಇದ್ದಾರೆ. ಇದನ್ನು ನೋಡಿ ಯುದ್ಧಕ್ಕೆ ಹೋದವರೇ ಜಾಸ್ತಿ ಉಳಿಯುತ್ತಾರೆ ಅಂತ ತಪ್ಪಾಗಿ ಬರೆದುಬಿಡಬಹುದು.

ಇನ್ನೊಂದು, ಎಲ್ಲ ಒಟ್ಟಿಗೆ ಬದಲಾಗುತ್ತದೆ. ಇರಾಕ್ ಯುದ್ಧದ ವರ್ಷಗಳಲ್ಲಿ ಭೂಸೇನೆ ಬೋನಸ್ ಹೆಚ್ಚಿಸಿತು, ಅದೇ ಹೊತ್ತಿಗೆ ಯುದ್ಧಭೂಮಿಯ ದೀರ್ಘ ನಿಯೋಜನೆಗಳಿಂದ ಜನ ಸುಸ್ತಾಗಿದ್ದರು. ಜೇಮ್ಸ್ ಹೊಸೆಕ್ ಮತ್ತು ಪ್ಯಾಕೊ ಮಾರ್ಟೊರೆಲ್ ರ್‍ಯಾಂಡ್‌ಗಾಗಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬಿಡಿಸಿ ನೋಡಿತು. 2006ರ ಹೊತ್ತಿಗೆ ಭೂಸೇನೆಯಲ್ಲಿ ನಿಯೋಜನೆಯ ಪರಿಣಾಮ ಮರುಸೇರ್ಪಡೆಯ ವಿರುದ್ಧ ತಿರುಗಿತ್ತು, ಬೋನಸ್‌ಗಳು ಆ ಹೊಡೆತವನ್ನು ತಡೆದವು. ಹೊರಗಿನಿಂದ ನೋಡಿದವರಿಗೆ ಅಂಕಿ ಸ್ಥಿರವಾಗಿ ಕಂಡಿತು. ಒಳಗೆ ಎರಡು ಬಲಗಳು ಒಂದನ್ನೊಂದು ಎಳೆಯುತ್ತಿದ್ದವು.

ಹೆಜ್ಜೆ 6: ಕನಿಷ್ಠ ವೇತನವನ್ನು ಯಾವ ರಾಜ್ಯದಿಂದ ತಂದಿದ್ದಾರೆ?

ಅಮೆರಿಕದ ಕೇಂದ್ರ ಕನಿಷ್ಠ ವೇತನ 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ವರ್ಷವಿಡೀ ದುಡಿದರೆ 15,080. ಹಲವು ರಾಜ್ಯಗಳು ಅದಕ್ಕಿಂತ ತುಂಬಾ ಮೇಲೆ ಹೋಗಿವೆ. ಸೈನಿಕನ ಮೂಲವೇತನ ಮಾತ್ರ ದೇಶಕ್ಕೆಲ್ಲ ಒಂದೇ. ಸಂಶೋಧಕರಿಗೆ ಇದು ಒಳ್ಳೆಯ ಅವಕಾಶ: ಒಳಗಿನ ಸಂಬಳ ಒಂದೇ ಇರುವಾಗ ಹೊರಗಿನ ಕೂಲಿ ಊರಿಂದ ಊರಿಗೆ ಬದಲಾದರೆ ಏನಾಗುತ್ತದೆ ಅಂತ ನೋಡಬಹುದು.

ಗಡಿಯ ಎರಡು ಬದಿ ಹೋಲಿಸುವ ಈ ಬಗೆಯನ್ನು ಹೆಸರುವಾಸಿ ಮಾಡಿದ್ದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್. 1992ರಲ್ಲಿ ನ್ಯೂಜೆರ್ಸಿ ಕನಿಷ್ಠ ವೇತನವನ್ನು 4.25ರಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಇವರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ನೋಡಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ.

ಇದನ್ನು ಸೈನಿಕರಿಗೆ ಹಚ್ಚುವಾಗ ಒಂದು ತೊಡಕು ಬರುತ್ತದೆ. ಟೆಕ್ಸಾಸ್‌ನ ನೆಲೆಯಲ್ಲಿರುವ, ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದ ಹುಡುಗನಿಗೆ 'ಹೊರಗಿನ ಕೂಲಿ' ಯಾವುದು? ನೆಲೆಯ ಊರಿನದಾ, ಹುಟ್ಟೂರಿನದಾ? ಅಧ್ಯಯನ ಇದನ್ನು ಹೇಳದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಇನ್ನೊಂದು, ನಾಲ್ಕು ವರ್ಷ ಸೇವೆ ಮಾಡಿದವನು ಹೊರಗೆ ಕನಿಷ್ಠ ವೇತನಕ್ಕೇ ಹೋಗುತ್ತಾನೆ ಅಂತ ಎಲ್ಲರಿಗೂ ಊಹಿಸುವುದು ಸರಿಯಲ್ಲ. ಸೇರುವ ಹಂತದ ಹದಿನೆಂಟರ ಹುಡುಗನಿಗೆ ಆ ಹೋಲಿಕೆ ಹೊಂದುತ್ತದೆ, ಉಳಿಯುವ ಹಂತದವನಿಗೆ ಅಷ್ಟಾಗಿ ಹೊಂದುವುದಿಲ್ಲ.

ಹೆಜ್ಜೆ 7: ಇವತ್ತಿನ ದುಡ್ಡು, ನಾಳೆಯ ದುಡ್ಡು

ಶೀತಲ ಸಮರ ಮುಗಿದ ಮೇಲೆ ಅಮೆರಿಕ ಸೇನೆಯನ್ನು ಕುಗ್ಗಿಸಿತು. 1992ರಿಂದ, ಸ್ವಂತ ಇಚ್ಛೆಯಿಂದ ಹೊರಡುವವರಿಗೆ ಎರಡು ಆಯ್ಕೆ ಕೊಟ್ಟರು. ಒಂದು ಇಡುಗಂಟು: ವರ್ಷದ ಮೂಲವೇತನದ ಶೇ. 15ನ್ನು ಸೇವೆಯ ವರ್ಷಗಳಿಂದ ಗುಣಿಸಿದಷ್ಟು. ಇನ್ನೊಂದು ವರ್ಷದ ಕಂತು: ಮೂಲವೇತನದ ಶೇ. 2.5ನ್ನು ಸೇವೆಯ ವರ್ಷಗಳಿಂದ ಗುಣಿಸಿದಷ್ಟು, ಸೇವೆಯ ಎರಡು ಪಟ್ಟು ವರ್ಷಗಳವರೆಗೆ.

ಹಾಳೆಯಲ್ಲಿ ಹಾಕಿ ನೋಡಿ. ವರ್ಷಕ್ಕೆ 20,000 ಮೂಲವೇತನ, 10 ವರ್ಷ ಸೇವೆ. ಇಡುಗಂಟು 30,000. ಕಂತು ವರ್ಷಕ್ಕೆ 5,000, 20 ವರ್ಷ, ಒಟ್ಟು 1,00,000. ನೀವಾದರೆ ಯಾವುದು ತಗೊಳ್ತೀರಿ?

ಜಾನ್ ವಾರ್ನರ್ ಮತ್ತು ಸಾಲ್ ಪ್ಲೀಟರ್ ಸುಮಾರು 66,000 ಜನರ ಆಯ್ಕೆಯನ್ನು ನೋಡಿ 2001ರಲ್ಲಿ ಬರೆದರು. ಶೇ. 17ಕ್ಕಿಂತ ಹೆಚ್ಚು ಬಡ್ಡಿ ಸಿಗುವುದಾದರೆ ಮಾತ್ರ ಇಡುಗಂಟು ಲಾಭ ಅನ್ನುವ ಹಾಗಿತ್ತು ಲೆಕ್ಕ. ಹಾಗಿದ್ದರೂ ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಳದರ್ಜೆಯವರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಇಡುಗಂಟನ್ನೇ ತಗೊಂಡರು. ಇದರಿಂದ ಸರ್ಕಾರಕ್ಕೆ ಸುಮಾರು 170 ಕೋಟಿ ಡಾಲರ್ ಉಳಿಯಿತು ಅಂತ ಅವರ ಅಂದಾಜು. ವಯಸ್ಸು ಮತ್ತು ಓದು ಕಡಿಮೆ ಇರುವವರು, ಮನೆಯಲ್ಲಿ ಅವಲಂಬಿತರು ಇರುವವರು ಇಡುಗಂಟಿನ ಕಡೆ ಹೆಚ್ಚು ವಾಲಿದ್ದರು.

ಈ ಫಲಿತಾಂಶವನ್ನು ಹಲವರು "ಕೆಳದರ್ಜೆಯವರಿಗೆ ತಾಳ್ಮೆ ಇಲ್ಲ" ಅಂತ ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಕೆಲಸ ಬಿಡುತ್ತಿರುವವನಿಗೆ ಬಾಡಿಗೆ ಮನೆಯ ಅಡ್ವಾನ್ಸ್ ಬೇಕು, ಕಾರು ಬೇಕು, ಮುಂದಿನ ಕೆಲಸ ಸಿಗುವವರೆಗೆ ಮಕ್ಕಳಿಗೆ ಊಟ ಬೇಕು. ಬ್ಯಾಂಕ್ ಅವನಿಗೆ ಸಾಲ ಕೊಡುವುದಿಲ್ಲ, ಕ್ರೆಡಿಟ್ ಕಾರ್ಡ್ ಬಡ್ಡಿ ಆಗ ಶೇ. 17ರ ಆಸುಪಾಸೇ ಇತ್ತು. ನಮ್ಮಲ್ಲಿ ಕೈಸಾಲ, ಚೀಟಿ ಹಣ, ಮೀಟರ್ ಬಡ್ಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ದುಡ್ಡಿಲ್ಲದವನಿಗೆ ನಾಳೆಯ ದುಡ್ಡು ನಿಜವಾಗಿಯೂ ಅಗ್ಗ. ಅಧ್ಯಯನ ತಾಳ್ಮೆಯ ಮಾತಾಡಿದರೆ ಅವರ ಕೈಯಲ್ಲಿ ಉಳಿತಾಯ ಎಷ್ಟಿತ್ತು ಅಂತ ಹುಡುಕಿ.

ಹೆಜ್ಜೆ 8: ಮನೆಯಲ್ಲಿ ಇನ್ನೊಬ್ಬ ದುಡಿಮೆಗಾರ್ತಿ ಇದ್ದಾಳೆ

ಹೆಚ್ಚಿನ ಮಾದರಿಗಳಲ್ಲಿ ನಿರ್ಧಾರ ಮಾಡುವವನು ಒಬ್ಬನೇ. ಮನೆಯಲ್ಲಿ ಹಾಗಿರುವುದಿಲ್ಲ. ಅಮೆರಿಕದ ಸೈನಿಕರ ಸಂಗಾತಿಗಳಲ್ಲಿ ಕೆಲಸ ಹುಡುಕುತ್ತಿರುವ, ಆದರೆ ಸಿಗದವರ ಪ್ರಮಾಣ ವರ್ಷಗಳಿಂದ ಐವರಲ್ಲಿ ಒಬ್ಬರ ಆಸುಪಾಸಿನಲ್ಲೇ ಇದೆ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು. ನರ್ಸ್, ಟೀಚರ್ ತರಹದ ಕೆಲಸಕ್ಕೆ ರಾಜ್ಯ ಬದಲಾದರೆ ಲೈಸೆನ್ಸ್‌ನ ತೊಡಕು. ಮಗುವನ್ನು ಬಿಡಲು ಜಾಗ ಸಿಗುವುದಿಲ್ಲ. ಕೊನೆಗೆ ಅಂಗಡಿಯ ಕ್ಯಾಶ್ ಕೌಂಟರ್.

ಹೀಗಾಗಿ ಕೆಲವು ಮನೆಗಳಲ್ಲಿ ಕಡಿಮೆ ಕೂಲಿಯ ದುಡಿಮೆಗಾರ್ತಿ ಸೈನಿಕನ ಹೆಂಡತಿ. ಅವನು ಬಿಟ್ಟು ಒಂದೇ ಊರಲ್ಲಿ ನಿಂತರೆ ಅವಳ ಸಂಬಳ ಏರುತ್ತದೆ. ನಿಮ್ಮ ಹಾಳೆಯಲ್ಲಿ ಮೆಕ್ಯಾನಿಕ್‌ನ ಹೊರಗಿನ ದಾರಿಗೆ ಹೆಂಡತಿಯ ಹೆಚ್ಚುವರಿ 8,000 ಸೇರಿಸಿ ನೋಡಿ. ಆ 18,000ದ ಬೋನಸ್ ಸಾಲುವುದಿಲ್ಲ.

ಹೆಜ್ಜೆ 9: ಕೊನೆಯ ಅಂಕಿಯನ್ನು ಸರಿಯಾಗಿ ಓದಿ

ವರದಿಯ ತುದಿಯಲ್ಲಿ ಎಲಾಸ್ಟಿಸಿಟಿ ಅನ್ನುವ ಒಂದು ಅಂಕಿ ಇರುತ್ತದೆ. ಅದು 1.5 ಅಂದರೆ ಸಂಬಳ ಶೇ. 10 ಏರಿದರೆ ಉಳಿಯುವವರ ಪ್ರಮಾಣ ಶೇ. 15 ಏರುತ್ತದೆ. ನೂರರಲ್ಲಿ 40 ಜನ ಉಳಿಯುತ್ತಿದ್ದರೆ 46 ಆಗುತ್ತದೆ. 55 ಆಗುವುದಿಲ್ಲ. ಪತ್ರಿಕೆಗಳಲ್ಲಿ ಈ ತಪ್ಪು ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ.

ಈಗ ಖರ್ಚು. ಬೋನಸ್ ಇಲ್ಲದೆ 40 ಜನ, 18,000 ಬೋನಸ್ ಇಟ್ಟ ಮೇಲೆ 46 ಅಂದುಕೊಳ್ಳಿ. ಬೋನಸ್ ಆರು ಜನರಿಗಲ್ಲ, 46 ಜನರಿಗೂ ಕೊಡಬೇಕು. 8,28,000 ಡಾಲರ್. ಹೆಚ್ಚುವರಿಯಾಗಿ ಉಳಿದ ಒಬ್ಬೊಬ್ಬನಿಗೆ ಬಿದ್ದಿದ್ದು 1,38,000. ಇದು ದುಬಾರಿಯೋ ಅಲ್ಲವೋ ಅನ್ನುವುದು ಹೊಸಬನನ್ನು ತಂದು ಅದೇ ಮಟ್ಟಕ್ಕೆ ತರಬೇತಿ ಕೊಡಲು ಎಷ್ಟಾಗುತ್ತದೆ ಅನ್ನುವುದರ ಮೇಲೆ ಇದೆ. ಬೋನಸ್ ಕೆಲಸ ಮಾಡಲ್ಲ ಅನ್ನುವವರೂ, ಮಾಡುತ್ತದೆ ಅನ್ನುವವರೂ ಈ ಎರಡು ಖರ್ಚುಗಳ ಅಂಕಿಯನ್ನೂ ಕೊಟ್ಟಿದ್ದಾರಾ ನೋಡಿ.

ಬೋನಸ್ ಅಂದರೆ ಕೈಗೆ ಬಂದ ದುಡ್ಡು, ಕಥೆ ಮುಗಿಯಿತು ಅಂತಲೂ ತಿಳಿಯಬೇಡಿ. ಕ್ಯಾಲಿಫೋರ್ನಿಯಾದ ನ್ಯಾಷನಲ್ ಗಾರ್ಡ್‌ನಲ್ಲಿ (ರಾಜ್ಯ ಮಟ್ಟದ ಮೀಸಲು ಸೇನೆ) ಯುದ್ಧದ ವರ್ಷಗಳಲ್ಲಿ ಬೋನಸ್ ಪಡೆದು ಮತ್ತೆ ಸೇರಿದವರಲ್ಲಿ ಸಾವಿರಾರು ಜನರಿಗೆ, ನಿಮಗೆ ಅದು ಸಲ್ಲಬಾರದಿತ್ತು, ವಾಪಸ್ ಕೊಡಿ ಅಂತ ನೋಟಿಸ್ ಬಂತು. ಅವರು ತಮ್ಮ ಸೇವೆಯನ್ನು ಮುಗಿಸಿದ್ದರು. 2016ರ ಅಕ್ಟೋಬರಿನಲ್ಲಿ ಸುದ್ದಿ ದೊಡ್ಡದಾದ ಮೇಲೆ ರಕ್ಷಣಾ ಕಾರ್ಯದರ್ಶಿ ಆಶ್ ಕಾರ್ಟರ್ ವಸೂಲಿ ನಿಲ್ಲಿಸಲು ಆದೇಶ ಕೊಟ್ಟರು. ಇಂಥದ್ದನ್ನು ಕಂಡ ಸೈನಿಕ ಮುಂದಿನ ಬೋನಸ್‌ಗೆ ಅಷ್ಟೇ ಬೆಲೆ ಕೊಡುತ್ತಾನಾ? ಮಾದರಿಯ ಒಳಗೆ ಈ ಅಪನಂಬಿಕೆಗೆ ಜಾಗ ಇರುವುದಿಲ್ಲ.

ಇದನ್ನು ಇಲ್ಲಿಗೆ ತರುವ ಮೊದಲು

ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ಮರಾಠಾ ಲಘು ಪದಾತಿ ದಳದ ಕೇಂದ್ರವೂ ಅದೇ ಊರಿನಲ್ಲಿದೆ. ಅಗ್ನಿವೀರರು ಅಲ್ಲಿ ತರಬೇತಿ ಪಡೆದು ಹೋಗುತ್ತಿದ್ದಾರೆ. 2022ರಲ್ಲಿ ಘೋಷಣೆಯಾದ ಅಗ್ನಿಪಥ್‌ನಲ್ಲಿ ನಾಲ್ಕು ವರ್ಷದ ಸೇವೆ, ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ಶೇ. 30 ನಿಧಿಗೆ ಹೋಗುತ್ತದೆ. ಕೊನೆಗೆ ಸುಮಾರು 11.71 ಲಕ್ಷದ ಸೇವಾ ನಿಧಿ. ಮೊದಲ ತಂಡಗಳ ನಾಲ್ಕು ವರ್ಷ 2026ರ ಕೊನೆ ಮತ್ತು 2027ರ ಆರಂಭದಲ್ಲಿ ತುಂಬುತ್ತದೆ. ಆಗ ನಮ್ಮಲ್ಲೂ 'ಎಷ್ಟು ಜನ ಉಳಿದರು' ಅನ್ನುವ ಅಂಕಿಗಳು ಬರುತ್ತವೆ.

ಅಮೆರಿಕದ ಅಧ್ಯಯನಗಳ ತೀರ್ಮಾನವನ್ನು ಅದರ ಮೇಲೆ ಅಂಟಿಸಬೇಡಿ. ಅಲ್ಲಿ ಸೇನೆ ಉಳಿಸಿಕೊಳ್ಳಲು ದುಡ್ಡು ಇಡುತ್ತದೆ, ಹೋಗುವುದು ಬಿಡುವುದು ಬಹುಪಾಲು ಸೈನಿಕನ ಕೈಯಲ್ಲಿ. ಅಗ್ನಿಪಥ್‌ನ ನಿಯಮದಲ್ಲಿ ಒಂದು ತಂಡದಲ್ಲಿ ಶೇ. 25ರವರೆಗೆ ಮಾತ್ರ ಕಾಯಂ, ಆರಿಸುವುದು ಸೇನೆ. ನೂರರಲ್ಲಿ 25 ಉಳಿದರೆ ಅದು ಸೇನೆಯ ಆಯ್ಕೆಯ ಅಂಕಿ. ಹುಡುಗರ ಮನಸ್ಸು ತಿಳಿಯಬೇಕಾದರೆ ಬೇರೆ ಅಂಕಿ ಕೇಳಬೇಕು: ಕಾಯಂ ಆಗಲು ಎಷ್ಟು ಜನ ಅರ್ಜಿ ಹಾಕಿದರು, ಹಾಕದವರು ಯಾರು, ಅವರು ಯಾವ ಟ್ರೇಡ್‌ನವರು, ಹೊರಗೆ ಹೋದವರಿಗೆ ಆರು ತಿಂಗಳ ಮೇಲೆ ಏನು ಕೆಲಸ, ಎಷ್ಟು ಸಂಬಳ. ಜಿಲ್ಲಾ ಮಟ್ಟದ ವರದಿಗಾರರಿಗೆ ಇದನ್ನು ಶುರು ಮಾಡಲು ದೆಹಲಿಗೆ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನಿಂದ ಸೇರಿದ ಹತ್ತು ಹುಡುಗರ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಿ. ಅವರು ವಾಪಸ್ ಬಂದಾಗ ಮನೆಯವರನ್ನೂ ಕೂರಿಸಿಕೊಂಡು, ನಾಲ್ಕನೇ ಹೆಜ್ಜೆಯ ಹಾಳೆಯನ್ನು ಅವರ ಜೊತೆಯಲ್ಲೇ ತುಂಬಿ.